ಅಡುಗೆಯನ್ನು ಕೊನೆಯಿಂದ ಕಲಿಸಿದೆ: ನನ್ನ ಅನುಭವ

ಮಕ್ಕಳಿಗೆ ಅಡುಗೆ ಕಲಿಸುವವರು ಸಾಮಾನ್ಯವಾಗಿ ತರಕಾರಿ ತೊಳೆಯುವುದರಿಂದ ಶುರು ಮಾಡಿಸುತ್ತಾರೆ. ನಾನು ಕೊನೆಯ ಕೆಲಸದಿಂದ ಶುರು ಮಾಡಿಸಿದೆ. ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಎಲ್ಲಾ ನೀನೇ ಮಾಡಿ ಕೊನೆಗೆ ಸೊಪ್ಪು ಉದುರಿಸಲು ಕೊಟ್ಟರೆ ಅದು ಕಲಿತ ಹಾಗಾಯ್ತಾ?" ಅಂತ ಅಕ್ಕ ಕೇಳಿದಳು. ಈಗ ಏಳು ವರ್ಷದ ಮಗ ತರಕಾರಿ ಸೂಪ್ ಹೆಚ್ಚು ಕಡಿಮೆ ಪೂರ್ತಿ ಮಾಡುತ್ತಾನೆ. ನಾಲ್ಕೂವರೆಯ ಮಗಳು ಅರ್ಧಕ್ಕಿಂತ ಜಾಸ್ತಿ ಮಾಡುತ್ತಾಳೆ. ಅಕ್ಕನೂ ತನ್ನ ಮಗಳಿಗೆ ಹೀಗೇ ಕಲಿಸುತ್ತಿದ್ದಾಳೆ.

ತೊಳೆಯುವುದರಿಂದ ಶುರು ಮಾಡಿದಾಗ ಆಗುತ್ತಿದ್ದದ್ದು ಇಷ್ಟೇ. ಹತ್ತು ನಿಮಿಷ ನೀರಾಟ, ಆಮೇಲೆ ಮಕ್ಕಳು ಆಟಕ್ಕೆ ಓಟ. ಸೂಪ್ ಆಗುವ ಹೊತ್ತಿಗೆ ತಾವು ತೊಳೆದದ್ದೇ ಮರೆತಿರುತ್ತಿದ್ದರು. ಕೊನೆಯಿಂದ ಶುರು ಮಾಡಿದರೆ ಮೊದಲ ದಿನವೇ ಅಡುಗೆ ಅವರ ಕೈಯಲ್ಲಿ ಮುಗಿಯುತ್ತದೆ. ಮೊದಲು ಸೊಪ್ಪು ಉದುರಿಸುವುದು. ಅದು ಬಂದ ಮೇಲೆ ಉಪ್ಪು ಹಾಕಿ ರುಚಿ ನೋಡುವುದು. ಆಮೇಲೆ ಹೆಚ್ಚುವುದು. ತೊಳೆಯುವುದು, ಆರಿಸುವುದು ಎಲ್ಲಕ್ಕಿಂತ ಕೊನೆಗೆ. ಹೊಸದು ಒಂದೇ ಇರುತ್ತದೆ, ಅದರ ಮುಂದಿನದೆಲ್ಲ ಗೊತ್ತಿರುತ್ತದೆ. ಬಟ್ಟೆ ಹಾಕಿಕೊಳ್ಳುವುದು, ಶೂ ಲೇಸ್ ಕಟ್ಟುವುದು ಕಲಿಸಲು ಥೆರಪಿಸ್ಟ್‌ಗಳು ಬಳಸುವ ದಾರಿ ಇದು. ನಾನು ಅಡುಗೆಮನೆಗೆ ತಂದೆ. ನಾನು ಕೈ ಹಾಕದೆ ಎರಡು ಮೂರು ಸಲ ಸರಿಯಾಗಿ ಆದರೆ ಮಾತ್ರ ಹಿಂದಿನ ಹಂತಕ್ಕೆ ಹೋಗುತ್ತೇನೆ.

ದುಡ್ಡು ಜಾಸ್ತಿ ಹೋದದ್ದು ಚಾಕುವಿಗೆ. ಮಕ್ಕಳ ಪ್ಲಾಸ್ಟಿಕ್ ಸೆಟ್ ತಂದೆವು. ಬಾಳೆಹಣ್ಣಿಗೆ ಪರವಾಗಿಲ್ಲ, ಕ್ಯಾರೆಟ್ ಮೇಲೆ ಇಟ್ಟರೆ ಜಾರುತ್ತದೆ. ಜಾರಿದ ಚಾಕುವೇ ಕೈ ಕೊಯ್ಯುವುದು. ಹರಿತ ಇಲ್ಲದಿದ್ದಷ್ಟೂ ಮಗು ಜಾಸ್ತಿ ಒತ್ತುತ್ತದೆ. ಬಣ್ಣಬಣ್ಣದ ಏಪ್ರನ್, ಪುಟ್ಟ ಬಾಣಲೆ ಎಲ್ಲಾ ಸೇರಿ ಹೋದ ದುಡ್ಡಿಗೆ ಒಳ್ಳೆಯ ಸಣ್ಣ ಚಾಕು ನಾಲ್ಕಾದರೂ ಬರುತ್ತಿದ್ದವು. ಕೊನೆಗೆ ಮಗನಿಗೆ ಹಲ್ಲಿರುವ ಸಣ್ಣ ಸ್ಟೀಲ್ ಚಾಕು ಕೊಟ್ಟೆ. ಚಾಪಿಂಗ್ ಬೋರ್ಡ್ ಕೆಳಗೆ ಒದ್ದೆ ಬಟ್ಟೆ, ಅಲುಗಾಡುವುದಿಲ್ಲ. ಉರುಟು ತರಕಾರಿಯನ್ನು ನಾನೇ ಉದ್ದಕ್ಕೆ ಸೀಳಿ, ಚಪ್ಪಟೆ ಬದಿ ಕೆಳಗೆ ಮಾಡಿ ಕೊಡುತ್ತೇನೆ. ಬೆರಳ ತುದಿ ಒಳಗೆ ಮಡಚಬೇಕು. ಅದನ್ನು ಅವನಿಂದ ಮಾಡಿಸಲು ನನ್ನದೊಂದು ಆಟ ಇದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಗಳಿಗೆ ಇನ್ನೂ ಚಾಕು ಇಲ್ಲ. ಬೀನ್ಸ್ ಕೈಯಲ್ಲಿ ಮುರಿಯುತ್ತಾಳೆ, ಸೊಪ್ಪನ್ನು ಕತ್ತರಿಯಲ್ಲಿ ಕತ್ತರಿಸುತ್ತಾಳೆ.

ನಿಜವಾಗಿ ಉಪಯೋಗಕ್ಕೆ ಬಂದ ಖರ್ಚು ಎರಡೇ: ಗಟ್ಟಿ ಸ್ಟೂಲ್, ತೂಕದ ಮೆಷಿನ್. ಕಪ್ ಕೊಟ್ಟರೆ ಒಂದು ಸಲ ಒತ್ತಿ ತುಂಬುತ್ತಾರೆ, ಇನ್ನೊಂದು ಸಲ ಸಡಿಲ. 200 ಗ್ರಾಂ ಬರುವವರೆಗೆ ಹಿಟ್ಟು ಹಾಕು ಅಂದರೆ ಜಗಳವೇ ಇಲ್ಲ. ಮಗನಿಗೆ ಕೂಡುವುದು ಕಳೆಯುವುದು ಇದರಲ್ಲೇ ಚುರುಕಾಯಿತು, ನನಗಂತೂ ಬಹಳ ಖುಷಿ.

ನಡುವೆ ಹಿಟ್ಟು ಉಬ್ಬಿಸುವ ಯೀಸ್ಟ್ ಕಡೆಗೂ ಹೋದೆವು. ಮೂರು ಬಟ್ಟಲು, ಮೂರರಲ್ಲೂ ಯೀಸ್ಟ್, ಸ್ವಲ್ಪ ಸಕ್ಕರೆ. ಒಂದರಲ್ಲಿ ಫ್ರಿಜ್ ನೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು, ಮತ್ತೊಂದರಲ್ಲಿ ಕುದಿದ ನೀರು. ಹತ್ತು ನಿಮಿಷಕ್ಕೆ ಬೆಚ್ಚಗಿನದರಲ್ಲಿ ನೊರೆ ಬಂತು. ತಣ್ಣಗಿನದು ಸುಮ್ನೆ ಕೂತಿತ್ತು. ಕುದಿದ ನೀರಿನದು ಸತ್ತೇ ಹೋಗಿತ್ತು. ಮಗಳು ಈಗ ಹಿಟ್ಟು ಕಲಸುವ ಮೊದಲು ನೀರಿಗೆ ಬೆರಳಿಟ್ಟು ನೋಡುತ್ತಾಳೆ. ಹಸಿ ಹಿಟ್ಟು ನೆಕ್ಕಲು ಮಾತ್ರ ಬಿಡುವುದಿಲ್ಲ. ಹಸಿ ಮೊಟ್ಟೆಯ ಹಾಗೆ ಹಸಿ ಹಿಟ್ಟಿನಲ್ಲೂ ರೋಗಾಣು ಇರಬಹುದು.

ಒಲೆ ಈ ಕ್ರಮದಿಂದ ಹೊರಗೆ. ಅದು ಯಾವ ಹಂತದಲ್ಲಿದ್ದರೂ ಮೊದಲು ನನ್ನದೇ. ಮಗನಿಗೆ ಅದನ್ನು ಎಲ್ಲಕ್ಕಿಂತ ಕೊನೆಗೆ, ಕಳೆದ ಕೆಲವು ತಿಂಗಳಲ್ಲಿ ಕೊಟ್ಟೆ, ನಾನು ಪಕ್ಕದಲ್ಲಿ ನಿಂತು. ಪಾತ್ರೆಯ ಹಿಡಿ ಒಳಗೆ ತಿರುಗಿರಬೇಕು. ಮುಚ್ಚಳವನ್ನು ಮುಖದಿಂದ ಆಚೆಗೆ ತೆರೆಯಬೇಕು. ಹಿಡಿಯುವ ಬಟ್ಟೆ ಒಣಗಿರಬೇಕು, ಒದ್ದೆ ಬಟ್ಟೆಯಲ್ಲಿ ಬಿಸಿ ಬೇಗ ಕೈಗೆ ದಾಟುತ್ತದೆ. ಇಂಡಕ್ಷನ್ ಒಲೆ ಆರಿಸಿದರೂ ಪಾತ್ರೆಯ ಬಿಸಿಗೆ ಗಾಜು ಸುಡುತ್ತಿರುತ್ತದೆ, ಮುಟ್ಟಬಾರದು. ಪಾತ್ರೆ ಬಗ್ಗಿಸುವ ಕೆಲಸ, ಅಂದರೆ ಕುದಿಯುವ ನೀರು ಬಸಿಯುವುದು, ಇನ್ನೂ ನನ್ನ ಕೈಯಲ್ಲೇ ಇದೆ. ಮಗನಿಗೆ ಹತ್ತು ವರ್ಷ ಆಗುವವರೆಗೆ ಅದನ್ನು ಕೊಡುವ ಯೋಚನೆ ಇಲ್ಲ.