ಸ್ಪೋರ್ಟ್ಸ್ ಸೆಡಾನ್‌ಗೆ ಆಪ್ಷನ್ ಆರಿಸುವುದು ಹೇಗೆ? ಟಿಕ್ ಹಾಕುವ ಮುಂಚೆ ಓದಿ

ದುಬಾರಿ ಸ್ಪೋರ್ಟ್ಸ್ ಸೆಡಾನ್ ಕೊಳ್ಳುವವರು ಎಂಜಿನ್ ಆರಿಸುವಾಗ ತಪ್ಪು ಮಾಡುವುದು ಕಡಿಮೆ. ಅದರ ಬಗ್ಗೆ ಓದಿರುತ್ತಾರೆ, ವಿಡಿಯೊ ನೋಡಿರುತ್ತಾರೆ, ಅಶ್ವಶಕ್ತಿ ಎಷ್ಟು ಅಂತ ಬಾಯಿಪಾಠ ಇರುತ್ತದೆ. ಎಡವುವುದು ಅದಾದ ಮೇಲೆ. ರಾತ್ರಿ ಹನ್ನೊಂದು ಗಂಟೆಗೆ ಕಂಪನಿಯ ಕಾನ್ಫಿಗರೇಟರ್ (ಕಾರಿಗೆ ಬೇಕಾದ್ದನ್ನೆಲ್ಲ ಆರಿಸಿಕೊಳ್ಳುವ ವೆಬ್ ಪುಟ) ತೆರೆದು, ಪರದೆ ಮೇಲೆ ಕಾರನ್ನು ಬೆರಳಲ್ಲಿ ತಿರುಗಿಸುತ್ತಾ, ಕಂಡ ಕಂಡ ಚೌಕಕ್ಕೆಲ್ಲ ಟಿಕ್ ಹಾಕುತ್ತಾ ಕೂರುತ್ತಾರಲ್ಲ, ಆಗ.

ನನ್ನ ಸ್ನೇಹಿತನೊಬ್ಬ ಹೀಗೇ ಕೂತು 20 ಇಂಚಿನ ಚಕ್ರ, ಗಾಜಿನ ಛಾವಣಿ, ಕಾರ್ಬನ್ ಪಟ್ಟಿಗಳು ಎಲ್ಲ ಹಾಕಿಸಿದ. ರಸ್ತೆಯ ಏಟು ತಡೆಯುವ, ಬೇಕಾದಾಗ ಮೆತ್ತಗೆ ಬೇಕಾದಾಗ ಬಿಗಿ ಆಗುವ ಅಡಾಪ್ಟಿವ್ ಸಸ್ಪೆನ್ಷನ್ ಮಾತ್ರ ಬಿಟ್ಟ. "ಅದು ಕಣ್ಣಿಗೇ ಕಾಣಿಸಲ್ವಲ್ಲ" ಅಂದ. ಅವನ ತಾಯಿ ಹಿಂದಿನ ಸೀಟಿನಲ್ಲಿ ಒಂದು ಸಲ ಕೂತು ಬಂದರು. ಮುಂದಿನ ಸಲ ಹೊರಡುವಾಗ "ಹಳೇ ಕಾರೇ ತಗೊಂಡು ಬಾ" ಅಂದರು. ಹಳೇ ಕಾರು ಎಲ್ಲಿದೆ, ಮಾರಿ ಆಗಿತ್ತು.

ಮೊದಲು ಪೇಪರ್, ಆಮೇಲೆ ಪರದೆ

ಕಾನ್ಫಿಗರೇಟರ್ ತೆರೆಯುವ ಮುಂಚೆ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಕಾರಿನಲ್ಲಿ ದಿನಾ ಯಾರು ಯಾರು ಕೂರುತ್ತಾರೆ, ಎಂಥ ರಸ್ತೆಯಲ್ಲಿ ಓಡಿಸುತ್ತೀರಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ಅಷ್ಟೇ ಸಾಕು.

ಅದರ ಕೆಳಗೆ ಎರಡು ಕಾಲಂ ಎಳೆಯಿರಿ. ಆಮೇಲೆ ಹಾಕಿಸಲು ಆಗದ್ದು ಒಂದು ಕಡೆ, ಯಾವಾಗ ಬೇಕಾದರೂ ಹಾಕಿಸಬಹುದಾದ್ದು ಇನ್ನೊಂದು ಕಡೆ. ಸಸ್ಪೆನ್ಷನ್, ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಭಾಗ), ಬ್ರೇಕ್, ಸೀಟು, ಹೆಡ್‌ಲೈಟ್ ಮೊದಲನೆಯದರಲ್ಲಿ ಬರುತ್ತವೆ. ಚಕ್ರ, ಸ್ಪಾಯ್ಲರ್, ಮ್ಯಾಟ್, ಕಪ್ಪು ಲಾಂಛನ ಎರಡನೆಯದರಲ್ಲಿ. ನಿಮ್ಮ ದುಡ್ಡು ಮೊದಲನೇ ಕಾಲಂಗೆ ಹೋಗಬೇಕು. ಉಳಿದರೆ ಎರಡನೆಯದು. ಜನ ಮಾಡುವುದು ಸರಿಯಾಗಿ ಇದರ ಉಲ್ಟಾ.

ಹೆಸರಿಗೆ ಮರುಳಾಗಬೇಡಿ

ಬಿಎಂಡಬ್ಲ್ಯುನಲ್ಲಿ ಎಂ ಸ್ಪೋರ್ಟ್ ಬೇರೆ, ಎಂ ಬೇರೆ. ಆಡಿಯಲ್ಲಿ ಎಸ್ ಲೈನ್ ಬೇರೆ, ಎಸ್ ಬೇರೆ. ಮರ್ಸಿಡಿಸ್‌ನಲ್ಲಿ ಎಎಂಜಿ ಲೈನ್ ಬೇರೆ, ಎಎಂಜಿ ಬೇರೆ. ಲೈನ್, ಸ್ಪೋರ್ಟ್ ಅಂತ ಬಾಲ ಇರುವುದು ಬಹುಪಾಲು ಬಂಪರ್, ಸ್ಟೀರಿಂಗ್, ಸೀಟಿನ ಹೊಲಿಗೆಗೆ ಸಂಬಂಧಪಟ್ಟದ್ದು. ಎಂಜಿನ್ ಮಾಮೂಲಿ ಕಾರಿನದೇ ಇರುತ್ತದೆ. ಬಾಲ ಇಲ್ಲದ್ದೇ ನಿಜವಾದ ವೇಗದ ಕಾರು. ಕೆಲವು ಪ್ಯಾಕೇಜ್‌ಗಳಲ್ಲಿ ಕಾರನ್ನು ಸ್ವಲ್ಪ ತಗ್ಗಿಸಿ, ಗಟ್ಟಿ ಸ್ಪ್ರಿಂಗ್ ಕೊಟ್ಟಿರುತ್ತಾರೆ, ಕೆಲವದರಲ್ಲಿ ಅದೂ ಇಲ್ಲ, ಮೇಲೆ ಶೃಂಗಾರ ಒಳಗೆ ಗೋಣಿಸೊಪ್ಪು. ಹಾಗಾಗಿ ಬ್ರೋಷರಿನ ಫೋಟೊ ಪುಟ ಬಿಟ್ಟು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಪಟ್ಟಿ ಓದಿ. ಸಸ್ಪೆನ್ಷನ್ ಅನ್ನುವ ಪದ ಅಲ್ಲಿ ಇದೆಯಾ ನೋಡಿ.

ಇನ್ನೊಂದು ಮಾತು. ಚಿಕ್ಕ ಎಂಜಿನ್‌ಗೆ ಆಪ್ಷನ್ ಸೇರಿಸುತ್ತಾ ಹೋಗಿ ಮೊತ್ತ ದೊಡ್ಡ ಎಂಜಿನ್ನಿನ ಕಾರಿನ ಹತ್ತಿರ ಬಂತು ಅಂದರೆ ಅಲ್ಲೇ ನಿಲ್ಲಿಸಿ. ಮೂಗಿಗಿಂತ ಮೂಗುತಿ ಭಾರ ಆಗಿದೆ ಅಂತ ಅರ್ಥ. ಎಲ್ಲವನ್ನೂ ಅಳಿಸಿ, ಮೇಲಿನ ಎಂಜಿನ್ ತಗೊಂಡು ಕಡಿಮೆ ಆಪ್ಷನ್ ಹಾಕಿ. ಮಾರುವಾಗ ಎಂಜಿನ್‌ಗೆ ಬೆಲೆ ಸಿಗುತ್ತದೆ, ಹೊಲಿಗೆಯ ಬಣ್ಣಕ್ಕೆ ಯಾರೂ ಕೊಡುವುದಿಲ್ಲ.

ಚಕ್ರ, ಟೈರು, ಸಸ್ಪೆನ್ಷನ್: ಇಲ್ಲಿ ನಿಧಾನ

ಈ ಮೂರನ್ನೂ ಒಟ್ಟಿಗೇ ಆರಿಸಬೇಕು. ಕಾನ್ಫಿಗರೇಟರ್ ಇವನ್ನು ಬೇರೆ ಬೇರೆ ಪುಟದಲ್ಲಿ ಇಟ್ಟಿರುತ್ತದೆ, ಅಲ್ಲೇ ಎಲ್ಲರೂ ಹಳ್ಳಕ್ಕೆ ಬೀಳುವುದು.

ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. 225/45 ಆರ್ 18 ಅಂತ ಇದೆ ಅನ್ನಿ. 225 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 45 ಅಂದರೆ ಆ ಅಗಲದ ಶೇಕಡಾ 45ರಷ್ಟು ಎತ್ತರದ ಪಕ್ಕದ ಗೋಡೆ. 18 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಲೆಕ್ಕ ಹಾಕಿದರೆ ರಿಮ್ಮಿಗೂ ರಸ್ತೆಗೂ ನಡುವೆ ಸುಮಾರು 101 ಮಿಲಿಮೀಟರ್ ರಬ್ಬರ್ ಇದೆ. ಅದೇ ಕಾರಿಗೆ 255/35 ಆರ್ 19 ಹಾಕಿದರೆ 89 ಮಿಲಿಮೀಟರ್. 255/30 ಆರ್ 20 ಹಾಕಿದರೆ ಬರೀ 76. ಮೂರರಲ್ಲೂ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 66 ಸೆಂಟಿಮೀಟರ್. ಅಂದರೆ ಲೋಹ ಜಾಸ್ತಿ ಆದಷ್ಟೂ ರಬ್ಬರ್ ಕಡಿಮೆ ಆಗುತ್ತಾ ಬಂತು. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಹೆಬ್ಬೆರಳಿನ ಅಗಲದಷ್ಟು. ಗುಂಡಿಗೆ ಇಳಿದಾಗ ರಿಮ್ ಉಳಿಯುತ್ತದಾ ಬಾಗುತ್ತದಾ ಅನ್ನುವುದನ್ನು ಆ ಹೆಬ್ಬೆರಳೇ ತೀರ್ಮಾನ ಮಾಡುತ್ತದೆ.

ಇಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ದೊಡ್ಡ ಚಕ್ರ ಸಾಮಾನ್ಯವಾಗಿ ಭಾರ ಕೂಡ. ಈ ಭಾರ ಸ್ಪ್ರಿಂಗ್‌ನ ಕೆಳಗಡೆ ಇರುತ್ತದೆ. ರಸ್ತೆಯ ಪ್ರತಿ ಉಬ್ಬಿಗೂ ಆ ಚಕ್ರವನ್ನು ಮೇಲೆತ್ತಿ ಮತ್ತೆ ಕೆಳಗಿಳಿಸಬೇಕು, ಭಾರ ಜಾಸ್ತಿ ಆದಷ್ಟೂ ಸ್ಪ್ರಿಂಗ್ ಕುಣಿತ ತಡೆಯುವ ಡ್ಯಾಂಪರ್‌ಗೆ ಅದನ್ನು ಹಿಡಿತದಲ್ಲಿ ಇಡುವುದು ಕಷ್ಟ. ಒರಟು ರಸ್ತೆಯಲ್ಲಿ ತಿರುವು ತಗೊಳ್ಳುವಾಗ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಕುಣಿಯುವ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಸ್ಪೋರ್ಟಿಯಾಗಿ ಕಾಣಲಿ ಅಂತ ಹಾಕಿಸಿದ ಚಕ್ರದಿಂದಲೇ ಕಾರಿನ ಸ್ಪೋರ್ಟು ಕಡಿಮೆ ಆಗುವುದು ಹೀಗೆ.

ಸೆಡಾನ್‌ಗೆ ನನ್ನ ಆಯ್ಕೆ 18, ಹೆಚ್ಚೆಂದರೆ 19. ಇದರಲ್ಲಿ ನಾನು ಚೌಕಾಸಿಗೆ ಇಲ್ಲ.

ರನ್‌ಫ್ಲಾಟ್ ಟೈರು ಬಂದರೆ ಇನ್ನೊಂದು ತಲೆನೋವು. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಹೋಗಬಹುದು, ಅದು ಒಳ್ಳೆಯದೇ. ಆದರೆ ಹಾಗೆ ನಿಲ್ಲಲು ಅದರ ಪಕ್ಕದ ಗೋಡೆ ಗಟ್ಟಿ ಇರಬೇಕು, ಆ ಗಟ್ಟಿತನ ನಿಮ್ಮ ಬೆನ್ನಿಗೆ ದಿನಾ ಗೊತ್ತಾಗುತ್ತದೆ. ಎಷ್ಟೋ ಕಾರುಗಳಲ್ಲಿ ರನ್‌ಫ್ಲಾಟ್ ಇದೆ ಅಂತ ಸ್ಪೇರ್ ಚಕ್ರ ಇಡುವ ಜಾಗವೂ ಇರುವುದಿಲ್ಲ. ಸ್ಪೇರ್ ಇಡಲು ಆಪ್ಷನ್ ಇದ್ದರೆ ಹಾಕಿಸಿ, ಮಾಮೂಲಿ ಟೈರು ಕೇಳಿ.

ಈಗ ಸಸ್ಪೆನ್ಷನ್. ಅಡಾಪ್ಟಿವ್ ಅಂದರೆ ಡ್ಯಾಂಪರ್ ಒಳಗಿನ ಎಣ್ಣೆ ಹರಿಯುವ ದಾರಿಯನ್ನು ವಿದ್ಯುತ್ ಕವಾಟಗಳು ಹಿಗ್ಗಿಸಿ ಕುಗ್ಗಿಸುತ್ತವೆ. ಬಟನ್ ಒತ್ತಿದರೆ ಮೆತ್ತಗೆ, ಇನ್ನೊಂದು ಒತ್ತಿದರೆ ಬಿಗಿ. ಇನ್ನೊಂದು ಬಗೆಯಲ್ಲಿ ಕವಾಟವೇ ಇಲ್ಲ, ಎಣ್ಣೆಯಲ್ಲೇ ಕಬ್ಬಿಣದ ಸಣ್ಣ ಕಣಗಳಿರುತ್ತವೆ, ಕಾಂತಕ್ಷೇತ್ರ ತಾಗಿದ ತಕ್ಷಣ ಎಣ್ಣೆ ಗಟ್ಟಿಯಾದಂತೆ ವರ್ತಿಸುತ್ತದೆ. ಇದು ಮೊದಲು ಬಂದದ್ದು 2002ರಲ್ಲಿ, ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ. ಯಾವ ಬಗೆಯಾದರೂ ಸರಿ, 19 ಇಂಚು ಅಥವಾ ಅದಕ್ಕಿಂತ ದೊಡ್ಡ ಚಕ್ರ ಹಾಕಿಸುವವರು ಅಡಾಪ್ಟಿವ್ ಬಿಡಲೇಬಾರದು. 18 ಇಂಚಿನ ಮಾಮೂಲಿ ಟೈರು ಸಾಕು ಅನ್ನುವವರು ಅದಿಲ್ಲದೆಯೂ ಬದುಕಬಹುದು, ಆದರೂ ದುಡ್ಡಿದ್ದರೆ ಹಾಕಿಸಿ.

ಟೆಸ್ಟ್ ಡ್ರೈವ್ ಅನ್ನು ಹೀಗೆ ಮಾಡಿ. ನೀವು ಆರ್ಡರ್ ಮಾಡುವ ಅಳತೆಯ ಚಕ್ರವೇ ಇರುವ ಕಾರು ಬೇಕು ಅಂತ ಹಟ ಹಿಡಿಯಿರಿ. ಒಂದು ಸುತ್ತು ನೀವು ಓಡಿಸಿ. ಎರಡನೇ ಸುತ್ತಿಗೆ ಇನ್ನೊಬ್ಬರ ಕೈಗೆ ಸ್ಟೀರಿಂಗ್ ಕೊಟ್ಟು, ಒಂದು ಪೆನ್ನು ಹಾಳೆ ಹಿಡಿದು ಹಿಂದೆ ಕೂರಿ. ಕಿತ್ತುಹೋದ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಹಾಳೆ ಮೇಲೆ ನಿಮ್ಮ ಹೆಸರು ಬರೆಯಿರಿ. ಮೆತ್ತನೆಯ ಮೋಡ್‌ನಲ್ಲಿ ಒಂದು ಸಲ, ಬಿಗಿ ಮೋಡ್‌ನಲ್ಲಿ ಒಂದು ಸಲ. ಎರಡೂ ಒಂದೇ ಥರ ಗೀಚಿಕೊಂಡು ಹೋಗಿದ್ದರೆ ಆ ಬಟನ್‌ಗೆ ದುಡ್ಡು ಕೊಡಬೇಡಿ. ನಾನು ಮಾಡಿ ನೋಡಿದ್ದೇನೆ, ಒಂದು ಕಾರಿನಲ್ಲಿ ನನ್ನ ಸಹಿ ನನಗೇ ಗುರುತು ಸಿಗಲಿಲ್ಲ.

ಅಡ್ಡದಾರಿಗಳ ಬಗ್ಗೆ ಎರಡು ಮಾತು. ಚಿಕ್ಕ ಚಕ್ರ ತಗೊಂಡು ಆಮೇಲೆ ಹೊರಗಡೆ ದೊಡ್ಡದು ಹಾಕಿಸುತ್ತೇನೆ ಅನ್ನುವುದು ಕೆಟ್ಟ ಐಡಿಯಾ ಏನಲ್ಲ, ಒಳ್ಳೇ ಬ್ರಾಂಡ್ ಹಾಕಿದರೆ. ಅಗ್ಗದ ನಕಲಿ ಅಲಾಯ್ ಮಾತ್ರ ಮುಟ್ಟಬೇಡಿ, ಒಂದೇ ಏಟಿಗೆ ಸೀಳುವುದನ್ನು ನೋಡಿದ್ದೇನೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವವರು ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ರಿಮ್ಮಿಗೆ ತಾಗುತ್ತದಾ ಅಂತ ಮೊದಲು ಕೇಳಿ. ಇನ್ನು ಅಡಾಪ್ಟಿವ್ ಡ್ಯಾಂಪರ್ ಮೇಲೆ ತಗ್ಗಿಸುವ ಸ್ಪ್ರಿಂಗ್ ಹಾಕಿಸುವ ಹುಚ್ಚು ಬಿಟ್ಟುಬಿಡಿ, ಕಂಪನಿ ಹಾಕಿದ ಲೆಕ್ಕವೆಲ್ಲ ನೀರಲ್ಲಿ ಹೋಮ.

ಹಿಂದೆ ಅಗಲ, ಮುಂದೆ ಕಿರಿದು ಟೈರು ಇದ್ದರೆ ಅವನ್ನು ಹಿಂದೆ ಮುಂದೆ ಬದಲಿಸಿ ಸವೆತ ಸರಿಮಾಡಲು ಆಗುವುದಿಲ್ಲ, ಅದೂ ನೆನಪಿರಲಿ. ಚಳಿ ಪ್ರದೇಶದವರು ಇನ್ನೊಂದು ಸೆಟ್ ಚಕ್ರಕ್ಕೂ ದುಡ್ಡು ಇಟ್ಟುಕೊಳ್ಳಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ.

ಬ್ರೇಕ್ ಮತ್ತು ಡಿಫರೆನ್ಷಿಯಲ್

ದೊಡ್ಡ ಉಕ್ಕಿನ ಬ್ರೇಕ್ ಸಿಕ್ಕರೆ ಹಾಕಿಸಿ, ಘಾಟಿ ಇಳಿಯುವವರು ಯೋಚನೆಯೇ ಮಾಡಬೇಡಿ. ಕ್ಯಾಲಿಪರ್ ಕೆಂಪೋ ನೀಲಿಯೋ ಅನ್ನುವುದು ಬರೀ ಬಣ್ಣ. ಕಾರ್ಬನ್ ಸೆರಾಮಿಕ್ ಬ್ರೇಕ್ ಹಗುರ, ಬಿಸಿ ತಡೆಯುತ್ತದೆ, ಚಕ್ರಕ್ಕೆ ಕಪ್ಪು ಧೂಳು ಅಷ್ಟಾಗಿ ಮೆತ್ತುವುದಿಲ್ಲ. ಡಿಸ್ಕ್ ಬದಲಿಸುವ ದಿನ ಮಾತ್ರ ಎದೆ ಗಟ್ಟಿ ಇರಬೇಕು. ಟ್ರ್ಯಾಕ್‌ಗೆ ಹೋಗದವರಿಗೆ ಅದು ಬೇಡ.

ಹಿಂದಿನ ಚಕ್ರ ಓಡಿಸುವ ಕಾರಾದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಿಡಬೇಡಿ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ತಿರುವಿನ ಒಳಗಡೆಯ ಚಕ್ರದ ಭಾರ ಇಳಿದು ಅದು ಸುಮ್ನೆ ಗಿರಕಿ ಹೊಡೆಯುತ್ತದೆ, ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಆ ಚಕ್ರಕ್ಕೆ ಬ್ರೇಕ್ ಹಾಕಿ ಹೇಗೋ ನಿಭಾಯಿಸುತ್ತದೆ, ಆದರೆ ಅದು ಆಕ್ಸಿಲರೇಟರ್ ಒತ್ತಿದ ಮೇಲೆ ಕಿವಿ ಹಿಂಡಿದ ಹಾಗೆ. ಲಿಮಿಟೆಡ್ ಸ್ಲಿಪ್ ಇದ್ದರೆ ಶಕ್ತಿ ಹಿಡಿತ ಇರುವ ಹೊರಗಿನ ಚಕ್ರಕ್ಕೆ ಹೋಗುತ್ತದೆ, ತಿರುವಿನಿಂದ ಹೊರಬರುವಾಗ ಕಾರು ನಿಮ್ಮನ್ನು ದೂಡಿಕೊಂಡು ಹೋಗುವುದು ಸೊಂಟಕ್ಕೇ ಗೊತ್ತಾಗುತ್ತದೆ.

ಸೀಟು

ಶೋರೂಂನಲ್ಲಿ 40 ನಿಮಿಷ ಕೂರಿ. ಫೋನ್ ನೋಡುತ್ತಾ ಕೂತರೂ ಸರಿ. ಐದು ನಿಮಿಷಕ್ಕೆ ಎಲ್ಲಾ ಸೀಟೂ ಚೆನ್ನಾಗಿಯೇ ಇರುತ್ತದೆ. ಎತ್ತರದವರಿಗೆ ತೊಡೆಯ ಕೆಳಗಿನ ಭಾಗ ಮುಂದಕ್ಕೆ ಎಳೆಯುವಂತಿರಬೇಕು, ಸ್ವಲ್ಪ ದಪ್ಪ ಇರುವವರಿಗೆ ಪಕ್ಕದ ದಿಂಬುಗಳು ಒತ್ತಬಾರದು. ಕಾರ್ಬನ್ ಬಕೆಟ್ ಸೀಟು ಚೆಂದ, ಅದಕ್ಕೆ ಟಿಕ್ ಹಾಕಿದರೆ ಕೆಲವು ಕಾರುಗಳಲ್ಲಿ ಗಾಳಿಯಾಡುವ ಸೌಲಭ್ಯ ಮಾಯ ಆಗುತ್ತದೆ. ಆಲ್ಕಂಟಾರಾ ಅನ್ನುವ ಕೃತಕ ಬಟ್ಟೆ ಸುತ್ತಿದ ಸ್ಟೀರಿಂಗ್ ಬೇಡ. ಹೊಸದರಲ್ಲಿ ಮಖಮಲ್ಲು, ಅಂಗೈ ಜಿಡ್ಡು ಕುಡಿದ ಮೇಲೆ ಹಳೇ ಚಪ್ಪಲಿಯ ಅಟ್ಟೆ.

ಪ್ಯಾಕೇಜ್ ಬಿಡಿಸುವುದು

ಪ್ಯಾಕೇಜ್ ಅಂದರೆ ನಿಮಗೆ ಬೇಕಾದ ಒಂದಕ್ಕೆ ಬೇಡದ ನಾಲ್ಕನ್ನು ಕಟ್ಟಿ ಕೊಡುವುದು. ಒಳಗೆ ಏನೇನಿದೆ ಅಂತ ಪೂರ್ತಿ ಬರೆದುಕೊಳ್ಳಿ. ವಾರಕ್ಕೆ ಒಂದು ಸಲವೂ ಬಳಸದ್ದನ್ನು ಹೊಡೆದುಹಾಕಿ. ಉಳಿದದ್ದು ಬಿಡಿಯಾಗಿ ಸಿಗುತ್ತದಾ, ಸಿಕ್ಕರೆ ಒಟ್ಟು ಎಷ್ಟು ಅಂತ ನೋಡಿ. ಬಿಡಿ ಮೊತ್ತ ಕಡಿಮೆ ಇದ್ದರೆ ಪ್ಯಾಕೇಜ್ ಬೇಡ. "ಪ್ಯಾಕೇಜ್‌ನಲ್ಲಿ ಉಳಿತಾಯ ಸಾರ್" ಅನ್ನುತ್ತಾರೆ. ಹೊಡೆದುಹಾಕಿದ್ದರ ಬೆಲೆಯನ್ನೂ ಸೇರಿಸಿದರೆ ಮಾತ್ರ ಅದು ಉಳಿತಾಯ.

ಟಿಕ್ ಹಾಕಿದ ಪ್ರತಿ ಸಲ ಪರದೆ ಮೇಲೆ ಸಣ್ಣ ಪೆಟ್ಟಿಗೆಯೊಂದು ತೆರೆದು, ಇದಕ್ಕೆ ಅದು ಬೇಕು, ಇದು ಬಂದರೆ ಅದು ಹೋಗುತ್ತದೆ ಅಂತ ಹೇಳುತ್ತದೆ. ಎಲ್ಲರೂ ಓದದೆ ಸರಿ ಒತ್ತಿಬಿಡುತ್ತಾರೆ. ಓದಿ. ಗಾಜಿನ ಛಾವಣಿ ಹಾಕಿದರೆ ಕಾರ್ಬನ್ ಛಾವಣಿ ಹೋಗುತ್ತದೆ, ಒಂದೇ ತಲೆಗೆ ಎರಡು ಟೋಪಿ ಆಗಲ್ಲ ಅಲ್ವಾ. ಗಾಜಿನದು ಕಾರಿನ ನೆತ್ತಿಗೆ ಭಾರ ಸೇರಿಸುತ್ತದೆ, ತಲೆ ಮೇಲಿನ ಜಾಗವನ್ನೂ ತಿನ್ನುತ್ತದೆ. ನನಗೆ ಬೇಡ. ಮಕ್ಕಳಿರುವ ಮನೆಯಲ್ಲಿ ಈ ಮಾತು ನಡೆಯುವುದಿಲ್ಲ, ಗೊತ್ತು.

ಉಳಿದ ಚಿಲ್ಲರೆ

ಮ್ಯಾಟ್ರಿಕ್ಸ್ ಹೆಡ್‌ಲೈಟ್ (ಎದುರಿನವರ ಕಣ್ಣಿಗೆ ಬೀಳುವಷ್ಟು ಬೆಳಕನ್ನು ತಾನೇ ಆರಿಸುವಂಥದ್ದು) ಹಾಕಿಸಿ. ಆಡಿಯೊದಲ್ಲಿ ಮೂರು ಮೆಟ್ಟಿಲಿದ್ದರೆ ನಡುವಿನದು. ಮುಂದಿನ ಗಾಜಿನ ಮೇಲೆ ವೇಗ ತೋರಿಸುವ ಹೆಡ್‌ಅಪ್ ಡಿಸ್‌ಪ್ಲೇ ಬೇಕೆನ್ನುವವರು ನಿಮ್ಮ ತಂಪು ಕನ್ನಡಕ ಹಾಕಿಕೊಂಡೇ ನೋಡಿ, ಪೋಲರೈಸ್ಡ್ ಗಾಜಾದರೆ ಅಂಕಿಗಳು ಮಸುಕಾಗುತ್ತವೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಬೇಡವೇ ಬೇಡ. ಗೀರು ಬಿದ್ದರೆ ಪಾಲಿಶ್ ಮಾಡುವ ಹಾಗಿಲ್ಲ, ಉಜ್ಜಿದ ಜಾಗ ಹೊಳೆಯುತ್ತದೆ. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಪಟ್ಟಿಯನ್ನೂ ಒಳಗಡೆ ಹಾಕಿಸಬೇಡಿ, ಬೆರಳ ಗುರುತಿನ ವಸ್ತುಪ್ರದರ್ಶನ ಆಗುತ್ತದೆ.

ಯಾವ ಆಪ್ಷನ್ ನಿಮ್ಮದೇ ಆಗುತ್ತದೆ, ಯಾವುದು ಚಂದಾ ಅಂತ ಕೇಳಿ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವುದಕ್ಕೂ ತಿಂಗಳ ಚಂದಾ ಇಟ್ಟು ಚೆನ್ನಾಗಿ ಬೈಸಿಕೊಂಡಿತು, 2023ರಲ್ಲಿ ಅದನ್ನು ಕೈಬಿಡುವುದಾಗಿ ಹೇಳಿತು. ತಂತಿ, ಬಟನ್ ಎಲ್ಲ ಕಾರಿನಲ್ಲೇ ಇರುತ್ತದೆ, ಬೀಗ ಮಾತ್ರ ಅವರ ಕೈಲಿ.

ಕೊನೆಗೆ ಶೋರೂಂನವರು ಟೈರಿಗೆ ನೈಟ್ರೋಜನ್, ಬಣ್ಣಕ್ಕೆ ಲೇಪನ ಅಂತ ಒಂದು ಪಟ್ಟಿ ತರುತ್ತಾರೆ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಲೇಪನ ಬೇಕಾದರೆ ಹೊರಗೆ ಅದನ್ನೇ ಕಸುಬು ಮಾಡಿಕೊಂಡವರ ಹತ್ತಿರ ಹೋಗಿ.

ಆರ್ಡರ್ ಹಾಳೆ

ಸಹಿ ಹಾಕುವ ಮುಂಚೆ ಪ್ರತಿ ಆಪ್ಷನ್ ಕೋಡ್ ಮೇಲೆ ಬೆರಳಿಟ್ಟು ಅದೇನು ಅಂತ ಹೇಳಿಸಿ. ನನಗೆ ಒಮ್ಮೆ ಒಂದೇ ಒಂದು ಅಂಕಿ ತಪ್ಪಿ, ಕೇಳಿದ ಸೀಟಿನ ಬದಲು ಮಾಮೂಲಿ ಸೀಟು ಬಂತು. ಹಾಳೆಯಲ್ಲಿ ನನ್ನದೇ ಸಹಿ ಇತ್ತು, ಜಗಳ ಆಡಲು ಬಾಯಿಯೇ ಬರಲಿಲ್ಲ. ಕಾರ್ಖಾನೆ ಆರ್ಡರ್ ಅನ್ನು ಯಾವ ದಿನ ಲಾಕ್ ಮಾಡುತ್ತದೆ ಅಂತಲೂ ಬರೆಸಿಕೊಳ್ಳಿ, ಅಲ್ಲಿಯವರೆಗೆ ಬದಲಿಸಬಹುದು.

ಡೆಲಿವರಿ ದಿನ ಹೂಗುಚ್ಛ, ಫೋಟೊ ಎಲ್ಲ ಆಮೇಲೆ. ಅದೇ ಹಾಳೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಬಗ್ಗಿ ನಾಲ್ಕೂ ಟೈರಿನ ಅಳತೆ ಓದಿ. ಅಲ್ಲೇ ಡಾಟ್ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 1424 ಅಂದರೆ 2024ರ 14ನೇ ವಾರ ತಯಾರಾದ ಟೈರು. ಹೊಸ ಕಾರಿನಲ್ಲಿ ಆ ಅಂಕಿ ಎರಡು ವರ್ಷ ಹಿಂದಿನದಾಗಿದ್ದರೆ ಕೀ ಕೈಗೆ ತಗೊಳ್ಳಬೇಡಿ, ಮೊದಲು ಮ್ಯಾನೇಜರ್‌ನ ಕರೆಸಿ.