ಇಸ್ರೇಲ್–ಪ್ಯಾಲೆಸ್ಟೀನ್ ಚರ್ಚೆ: ದೂಷಣೆಗೆ ಇಳಿಯದೆ ಮಾತನಾಡುವುದು ಹೇಗೆ

ಇಸ್ರೇಲ್–ಪ್ಯಾಲೆಸ್ಟೀನ್ ವಿಷಯ ಮನೆಯಲ್ಲೋ ತರಗತಿಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ಚರ್ಚೆಗೆ ಬಂದಾಗ, ಮಾತನಾಡುತ್ತಿರುವವರು ಕಥೆಯನ್ನು ಯಾವ ದಿನದಿಂದ ಆರಂಭಿಸುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿ. 2023ರ ಅಕ್ಟೋಬರ್ 7ರಿಂದ ಆರಂಭಿಸಿದರೆ, ಗಾಜಾವನ್ನು ಆಳುತ್ತಿದ್ದ ಪ್ಯಾಲೆಸ್ಟೀನಿ ಸಶಸ್ತ್ರ ಸಂಘಟನೆ ಹಮಾಸ್‌ನ ನೇತೃತ್ವದ ದಾಳಿಕೋರರು ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒತ್ತೆಯಾಳುಗಳಾಗಿ ಗಾಜಾಕ್ಕೆ ಒಯ್ದದ್ದು ಎಲ್ಲಕ್ಕೂ ಮೂಲವಾಗುತ್ತದೆ. ಇಸ್ರೇಲ್ ಸ್ಥಾಪನೆಯಾದ 1948ರಿಂದ ಆರಂಭಿಸಿದರೆ, ಆಗಿನ ಯುದ್ಧದಲ್ಲಿ ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯರು ಊರು ಮನೆ ಕಳೆದುಕೊಂಡು ನಿರಾಶ್ರಿತರಾದದ್ದು ಮೂಲವಾಗುತ್ತದೆ. 1929ರಿಂದ ಆರಂಭಿಸುವವರು ಹೆಬ್ರಾನ್‌ನಲ್ಲಿ ನಡೆದ 67 ಯಹೂದಿಗಳ ಕೊಲೆಯನ್ನು ಮುಂದಿಡುತ್ತಾರೆ. ಇವೆಲ್ಲ ನಡೆದ ಘಟನೆಗಳೇ. ಆದರೆ ಆರಂಭದ ದಿನವನ್ನು ಆರಿಸಿಕೊಂಡಾಗಲೇ ಅಪರಾಧಿ ಯಾರೆಂಬುದೂ ತೀರ್ಮಾನವಾಗಿರುತ್ತದೆ. ಮುಂದಿನ ಮಾತೆಲ್ಲ ಆ ತೀರ್ಪಿಗೆ ಸಾಕ್ಷ್ಯ ಒದಗಿಸುವ ಕೆಲಸವಷ್ಟೇ ಆಗುತ್ತದೆ.

ಇದರಿಂದ ಹೊರಬರಲು ಒಂದು ಹಾಳೆ, ಒಂದು ಪೆನ್ನು ಸಾಕು. ಇಸ್ರೇಲಿನ ಮನಶ್ಶಾಸ್ತ್ರಜ್ಞ ಡಾನ್ ಬಾರ್-ಆನ್ ಮತ್ತು ಬೆತ್ಲೆಹೆಮ್‌ನ ಶಿಕ್ಷಣ ತಜ್ಞ ಸಾಮಿ ಅದ್ವಾನ್ ಎರಡೂ ಕಡೆಯ ಶಾಲಾ ಶಿಕ್ಷಕರನ್ನು ಕೂಡಿಸಿ ಇತಿಹಾಸದ ಪಾಠಗಳನ್ನು ಬರೆಸಿದರು. 2000ದಲ್ಲಿ ಆರಂಭವಾದ ಪ್ಯಾಲೆಸ್ಟೀನಿಯರ ದಂಗೆಯಾದ ಎರಡನೇ ಇಂತಿಫಾದಾದ ಹಿಂಸೆಯ ನಡುವೆಯೂ ಆ ಕೆಲಸ ನಿಲ್ಲಲಿಲ್ಲ. ಪುಟದ ಒಂದು ಬದಿಯಲ್ಲಿ ಇಸ್ರೇಲಿಗರ ಕಥನ, ಇನ್ನೊಂದು ಬದಿಯಲ್ಲಿ ಪ್ಯಾಲೆಸ್ಟೀನಿಯರ ಕಥನ, ನಡುವೆ ವಿದ್ಯಾರ್ಥಿ ತನಗೆ ಅನಿಸಿದ್ದನ್ನು ಬರೆಯಲು ಖಾಲಿ ಜಾಗ. ಎರಡನ್ನೂ ಬೆರೆಸಿ ಎಲ್ಲರೂ ಒಪ್ಪುವ ಒಂದೇ ಇತಿಹಾಸವನ್ನು ಕೊಡಲು ಅವರು ಹೊರಡಲಿಲ್ಲ ಎಂಬುದೇ ಈ ಪ್ರಯೋಗದ ಪ್ರಾಮಾಣಿಕತೆ ಎಂದು ನನ್ನ ಭಾವನೆ. ನೀವೂ ಹಾಗೆಯೇ ಮಾಡಿ. 1948 ಅಥವಾ ಮತ್ತೊಂದು ಯುದ್ಧ ನಡೆದ 1967ನ್ನು ತೆಗೆದುಕೊಂಡು, ಪ್ರತಿ ಕಡೆಯವರು ಆ ವರ್ಷದ ಬಗ್ಗೆ ತಮ್ಮ ಮಕ್ಕಳಿಗೆ ಏನು ಹೇಳುತ್ತಾರೆ ಎಂಬುದನ್ನು ಅವರಿಗೆ ಒಪ್ಪಿಗೆಯಾಗುವ ಮಾತುಗಳಲ್ಲಿ ಬರೆಯಿರಿ. ನಿಮಗೆ ಒಪ್ಪಿಗೆಯಿಲ್ಲದ ಬದಿಯನ್ನು ಬರೆಯುವಾಗ ವ್ಯಂಗ್ಯ ನುಸುಳಿದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ನಡುವಿನ ಜಾಗವನ್ನು ಆತುರಪಟ್ಟು ತುಂಬಬೇಕಾಗಿಲ್ಲ.

ಆಮೇಲೆ ನಿಮ್ಮ ವಾಕ್ಯಗಳ ಕರ್ತೃವನ್ನು ಪರೀಕ್ಷಿಸಿ. 'ಯಹೂದಿಗಳು ಕೊಂದರು', 'ಮುಸ್ಲಿಮರು ಕೊಂದರು' ಎಂದು ಬರೆಯುವ ಬದಲು, ಕೃತ್ಯ ಎಸಗಿದ ಸರ್ಕಾರ, ಸೇನೆ, ಸಂಘಟನೆ ಅಥವಾ ವ್ಯಕ್ತಿಯ ಹೆಸರನ್ನು ಬರೆಯಿರಿ. ಇಸ್ರೇಲಿನ ನಾಗರಿಕರಲ್ಲಿ ಐದರಲ್ಲಿ ಒಂದು ಭಾಗ ಅರಬರಿದ್ದಾರೆ, ಪ್ಯಾಲೆಸ್ಟೀನಿಯರಲ್ಲಿ ಕ್ರೈಸ್ತರಿದ್ದಾರೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಡುವಿನ 1993ರ ಓಸ್ಲೋ ಶಾಂತಿ ಒಪ್ಪಂದ ಕುಸಿದ ಬಗೆಯನ್ನೇ ನೋಡಿ. 1994ರ ಫೆಬ್ರುವರಿಯಲ್ಲಿ ಹೆಬ್ರಾನ್‌ನಲ್ಲಿ ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಬರೂಕ್ ಗೋಲ್ಡ್‌ಸ್ಟೈನ್ ಎಂಬ ಯಹೂದಿ ಕೊಂದ. ಹಮಾಸ್‌ನ ಆತ್ಮಾಹುತಿ ದಾಳಿಗಳು ಬಸ್ಸುಗಳಲ್ಲಿ ಸಾಮಾನ್ಯ ಇಸ್ರೇಲಿಗರನ್ನು ಕೊಂದವು. 1995ರ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ಯಿತ್ಜಾಕ್ ರಬಿನ್ ಅವರನ್ನು ಗುಂಡಿಕ್ಕಿ ಕೊಂದವನು ಅರಬನಲ್ಲ, ಒಪ್ಪಂದವನ್ನು ವಿರೋಧಿಸಿದ ಯಹೂದಿ ಯುವಕ. ಇಷ್ಟನ್ನು ತಿಳಿದ ಮೇಲೆ ಜಗಳವನ್ನು ಎರಡು ಧರ್ಮಗಳ ನಡುವಿನ ಗೆರೆಯಾಗಿ ಎಳೆಯುವುದು ಸಾಧ್ಯವಿಲ್ಲ. ಕರ್ನಾಟಕದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ದೂರದ ಯುದ್ಧದ ಹೆಸರಿನಲ್ಲಿ ಆಡಿದ ಮಾತು ಬಹಳ ಸಲ ಪಕ್ಕದ ಬೀದಿಯ ನೆರೆಯವರಿಗೆ ತಾಗುತ್ತದೆ.

ದೂಷಣೆಯನ್ನು ಬಿಡುವುದೆಂದರೆ ಎರಡೂ ಕಡೆ ಸಮಾನ ಎಂದು ಹೇಳಿ ಕೈತೊಳೆದುಕೊಳ್ಳುವುದಲ್ಲ. 1967ರ ಯುದ್ಧದಿಂದ ಜೋರ್ಡನ್ ನದಿಯ ಪಶ್ಚಿಮದ ವೆಸ್ಟ್ ಬ್ಯಾಂಕ್ ಇಸ್ರೇಲಿ ಸೇನೆಯ ಆಕ್ರಮಿತ ಪ್ರದೇಶವಾಗಿದೆ. ಒಂದು ಕಡೆ ಬಲಿಷ್ಠ ಸೇನೆಯುಳ್ಳ ರಾಷ್ಟ್ರ, ಇನ್ನೊಂದು ಕಡೆ ಸ್ವಂತ ಗಡಿಯ ಮೇಲೂ ಅಧಿಕಾರವಿಲ್ಲದ ಜನ. 2023ರ ನಂತರ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 60,000ವನ್ನು ದಾಟಿದೆ. ಇದನ್ನು ಹೇಳಲೇಬೇಕು. ಆದರೆ ಹೊಣೆಯನ್ನು ಹೊರಿಸುವಾಗ ನ್ಯಾಯಾಲಯದ ಶಿಸ್ತು ಇರಲಿ: ಯಾರು, ಯಾವಾಗ, ಯಾವ ಕೃತ್ಯ, ಏನು ಸಾಕ್ಷ್ಯ. 2024ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಇಸ್ರೇಲಿನ ಆಗಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು, ಮಾಜಿ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ಮತ್ತು ಹಮಾಸ್‌ನ ಸೇನಾ ಮುಖ್ಯಸ್ಥ ಮೊಹಮ್ಮದ್ ದೈಫ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಆ ವಾರಂಟುಗಳಲ್ಲಿ ಇದ್ದದ್ದು ವ್ಯಕ್ತಿಗಳ ಹೆಸರು. ಯಾವ ಜನಾಂಗದ ಹೆಸರೂ ಇರಲಿಲ್ಲ.

ನ್ಯಾಯ ಕೇಳುವುದೂ ದ್ವೇಷವನ್ನು ನಿರಾಕರಿಸುವುದೂ ಒಟ್ಟಿಗೆ ಸಾಧ್ಯವೇ ಎಂಬ ಅನುಮಾನ ಬಂದರೆ, ಇಸ್ರೇಲಿನ ರಾಮಿ ಎಲ್ಹನಾನ್ ಮತ್ತು ಪ್ಯಾಲೆಸ್ಟೀನಿನ ಬಸ್ಸಾಮ್ ಅರಾಮಿನ್ ಒಟ್ಟಿಗೆ ಮಾಡುವ ಭಾಷಣಗಳನ್ನು ಹುಡುಕಿ ಕೇಳಿ. ರಾಮಿಯವರ ಮಗಳು ಸ್ಮದರ್ 1997ರಲ್ಲಿ ಜೆರುಸಲೇಮ್‌ನ ಆತ್ಮಾಹುತಿ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅವರ ಹತ್ತು ವರ್ಷದ ಮಗಳು ಅಬೀರ್ 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಸ್ವತಃ ಏಳು ವರ್ಷ ಇಸ್ರೇಲಿ ಜೈಲಿನಲ್ಲಿದ್ದ ಬಸ್ಸಾಮ್ ಮಗಳ ಸಾವಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಅದಕ್ಕೆ ಇಸ್ರೇಲಿ ಸರ್ಕಾರವೇ ಹೊಣೆ ಎಂಬ ತೀರ್ಪನ್ನು ಇಸ್ರೇಲಿನ ನ್ಯಾಯಾಲಯದಿಂದಲೇ ಪಡೆದರು. ಇಬ್ಬರೂ ಪೇರೆಂಟ್ಸ್ ಸರ್ಕಲ್ ಎಂಬ ಸಂಘಟನೆಯ ಸದಸ್ಯರು. ಈ ಸಂಘರ್ಷದಲ್ಲಿ ಮನೆಯವರನ್ನು ಕಳೆದುಕೊಂಡ ಎರಡೂ ಕಡೆಯ ಕುಟುಂಬಗಳು ಅಲ್ಲಿ ಒಂದಾಗಿವೆ. ಮಕ್ಕಳನ್ನು ಕಳೆದುಕೊಂಡವರಿಗೇ ಬೇಡವಾದ ಸೇಡು, ಏನನ್ನೂ ಕಳೆದುಕೊಳ್ಳದ ನಮಗೆ ಯಾಕೆ ಬೇಕು ಎಂದು ನಾನು ಮತ್ತೆ ಮತ್ತೆ ಕೇಳಿಕೊಳ್ಳುತ್ತೇನೆ.

ಮಾತುಕತೆಯ ನಡುವೆ ಯಾರಾದರೂ ಸತ್ತವರ ಬಗ್ಗೆ ಹೇಳಿದರೆ, 'ಹಾಗಾದರೆ ಅವರು ಮಾಡಿದ್ದು?' ಎಂಬ ಉತ್ತರವನ್ನು ತಡೆದುಕೊಳ್ಳಿ. ಅವರ ಮಾತು ಮುಗಿಯಲಿ. ಫೋಟೊ, ವಿಡಿಯೊಗಳ ಸ್ಥಳ ಮತ್ತು ದಿನಾಂಕ ಖಚಿತವಾಗದಿದ್ದರೆ ಫಾರ್ವರ್ಡ್ ಮಾಡಬೇಡಿ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅಂಥ ಕುಟುಂಬದವರು ಸಿಕ್ಕರೆ, ನಿಮ್ಮವರು ಸುರಕ್ಷಿತವಾಗಿದ್ದಾರಾ ಎಂದು ಕೇಳಿ. ಅವರಿಂದ ಯುದ್ಧದ ಬಗ್ಗೆ ತೀರ್ಪು ಬಯಸಬೇಡಿ.

ಕೊನೆಗೆ ಪರಿಹಾರದ ಮಾತು ಬಂದೇ ಬರುತ್ತದೆ. ಭಾರತ 1988ರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡಿ, 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಇಬ್ಬರ ಹಿತವನ್ನೂ ಬಯಸುವುದು ನಮಗೆ ಹೊಸ ನಿಲುವೇನಲ್ಲ. ಎರಡು ರಾಷ್ಟ್ರಗಳು, ಸಮಾನ ಹಕ್ಕಿನ ಒಂದೇ ರಾಷ್ಟ್ರ, ಒಕ್ಕೂಟ, ಹೀಗೆ ಯಾವ ಸೂತ್ರವನ್ನು ಯಾರೇ ಮುಂದಿಟ್ಟರೂ, ಜೋರ್ಡನ್ ನದಿಗೂ ಸಮುದ್ರಕ್ಕೂ ನಡುವೆ ಇರುವ ಸುಮಾರು 70 ಲಕ್ಷ ಯಹೂದಿಗಳು ಮತ್ತು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಪ್ಯಾಲೆಸ್ಟೀನಿಯರು ಅದರಲ್ಲಿ ಎಲ್ಲಿ ವಾಸಿಸುತ್ತಾರೆ, ಯಾರಿಗೆ ಮತ ಹಾಕುತ್ತಾರೆ, ರಾತ್ರಿ ಅವರ ಮನೆಗೆ ಕಾವಲು ಯಾರದು, 1948ರ ನಿರಾಶ್ರಿತರ ಮೊಮ್ಮಕ್ಕಳಿಗೆ ಏನು ಸಿಗುತ್ತದೆ ಎಂದು ಒಂದೊಂದಾಗಿ ಕೇಳಿ. ಎರಡರಲ್ಲಿ ಒಂದು ಜನ ಅಲ್ಲಿಂದ ಇಲ್ಲವಾದರೆ ಮಾತ್ರ ನಡೆಯುವ ಸೂತ್ರವನ್ನು, ಅದು ನಿಮ್ಮ ಕಡೆಯವರದೇ ಆಗಿದ್ದರೂ, ಒಪ್ಪಬೇಡಿ.