ಸ್ಟಾಲ್‌ನಲ್ಲಿ ಇಡುವ ಚೆಸ್ ಎಂಜಿನ್‌ನ ಬಲ ಇಳಿಸುವುದು ಹೇಗೆ

ಕಂಪನಿಗಳ ಸ್ಟಾಲ್‌ಗಳಿಗೆ ಚೆಸ್ ಡೆಮೊ ಹೊಂದಿಸಿಕೊಡುವುದು ನನ್ನ ಕೆಲಸ. ಮಾರ್ಕೆಟಿಂಗ್‌ನವರ ಬೇಡಿಕೆ ಯಾವಾಗಲೂ ಒಂದೇ: "ಬಂದವರು ಗೆಲ್ಲೋ ಹಾಗೆ ಮಾಡಿಕೊಡಿ." ಸರಿ. ಪೂರ್ತಿ ಬಲದ ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಎದುರು ಗ್ರ್ಯಾಂಡ್‌ಮಾಸ್ಟರ್‌ಗಳೇ ಸೋಲುತ್ತಾರೆ, ದಾರಿಯಲ್ಲಿ ಹೋಗುವವರ ಗತಿ ಏನು?

ಯೋಚಿಸುವ ಸಮಯ ಕಡಿಮೆ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಕ್ಕರೂ ಅದು ಚೆನ್ನಾಗಿಯೇ ಆಡುತ್ತದೆ. ಜೊತೆಗೆ ಲ್ಯಾಪ್‌ಟಾಪ್ ಬದಲಾದರೆ ಬಲವೂ ಬದಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಸ್ಕಿಲ್ ಲೆವೆಲ್' ಅಂತ ಇದೆ, 0ಯಿಂದ 20ರವರೆಗೆ. ಮಾಮೂಲಿ 20 ಇರುತ್ತದೆ. ನಾನು 3 ಅಥವಾ 4ಕ್ಕೆ ಇಳಿಸಿ, ಆಫೀಸಿನವರನ್ನೇ ಕೂರಿಸಿ ಆಡಿಸಿ ನೋಡುತ್ತೇನೆ.

ಇಲ್ಲೇ ಎಡವಟ್ಟಾಗುವುದು. ಸ್ಕಿಲ್ ಇಳಿಸಿದಾಗ ಎಂಜಿನ್ ಒಳ್ಳೆಯ ನಡೆಗಳನ್ನು ಹುಡುಕಿಕೊಂಡೇ, ಆಗಾಗ ಬೇಕಂತಲೇ ಕಳಪೆಯದನ್ನು ಆರಿಸುತ್ತದೆ. ಹತ್ತು ನಡೆ ಮಾಸ್ಟರ್ ಥರ ಆಡಿ, ಹನ್ನೊಂದನೆಯದರಲ್ಲಿ ಕಾರಣವೇ ಇಲ್ಲದೆ ಕುದುರೆಯನ್ನು ಕಾಲಾಳಿನ ಬಾಯಿಗೆ ಇಡುತ್ತದೆ. ಆಟ ಗೊತ್ತಿದ್ದವರು ತಟ್ಟನೆ ತಲೆ ಎತ್ತಿ ಸ್ಟಾಲ್‌ನವರ ಮುಖ ನೋಡುತ್ತಾರೆ. ಬಿಟ್ಟುಕೊಟ್ಟ ಗೆಲುವು ಅಂತ ಅವರಿಗೆ ಗೊತ್ತಾಗಿಬಿಡುತ್ತದೆ, ಅಲ್ವಾ?

ಅದಕ್ಕೇ ಈಗ ನಾನು ಜಾಸ್ತಿ ಬಳಸುವುದು ಮಾಯಾ. ಮನುಷ್ಯರು ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಆಡಿದ ಆಟಗಳಿಂದಲೇ ಕಲಿತ ಎಂಜಿನ್ ಇದು. 1100ರಿಂದ 1900 ರೇಟಿಂಗ್‌ (ಆಟಗಾರರ ಬಲ ತೋರಿಸುವ ಅಂಕ) ವರೆಗೆ ಒಂಬತ್ತು ಮಾದರಿಗಳಿವೆ. ಇದನ್ನು ಓಡಿಸುವ ಎಲ್‌ಸಿ0 ಎಂಬ ಪ್ರೋಗ್ರಾಂ ಒಳಗೆ ಹಾಕಿ, ನೋಡ್ಸ್ (ಎಷ್ಟು ಸ್ಥಿತಿಗಳನ್ನು ಪರಿಶೀಲಿಸಬೇಕು ಎಂಬ ಮಿತಿ) ಕಡ್ಡಾಯವಾಗಿ 1 ಅಂತ ಕೊಡಿ. ಜಾಸ್ತಿ ಕೊಟ್ಟರೆ ಅದೂ ಲೆಕ್ಕ ಹಾಕಲು ಶುರುಮಾಡುತ್ತದೆ, ಮನುಷ್ಯರ ಆಟದ ಸೊಗಸು ಹೋಗುತ್ತದೆ. ಇದೂ ತಪ್ಪುತ್ತದೆ, ಆದರೆ ನಾವು ನೀವು ತಪ್ಪುವ ಜಾಗದಲ್ಲೇ ತಪ್ಪುತ್ತದೆ.

ಉತ್ತರ ತಕ್ಷಣ ಬರಬಾರದು. ಎರಡು ಮೂರು ಸೆಕೆಂಡ್ ತಡ ಮಾಡಿಸಿ, ಇಲ್ಲದಿದ್ದರೆ ಎದುರು ಕೂತವರು ಗಾಬರಿಯಲ್ಲಿ ಕಾಯಿ ದೂಡುತ್ತಾರೆ.

ನಿಯಮ ಈಗಷ್ಟೇ ಕಲಿತವರಿಗೆ 1100 ಕೂಡ ಕಷ್ಟ. ಅವರಿಗೆ ಹಳೆಯ ಉಪಾಯವೇ ಚೆಂದ: ಯಂತ್ರದ ಮಂತ್ರಿಯನ್ನು ಮೊದಲೇ ತೆಗೆದಿಡಿ. ರಿಯಾಯಿತಿ ಎಲ್ಲರ ಕಣ್ಣೆದುರೇ ಇರುತ್ತದೆ.

ಬಲ ಇಳಿಸಿದ್ದನ್ನು ಬೋರ್ಡ್ ಪಕ್ಕದಲ್ಲಿ ದೊಡ್ಡದಾಗಿ ಬರೆದು ಹಾಕಿ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೊವ್ ಅವರನ್ನು 3.5–2.5ರಿಂದ ಸೋಲಿಸಿದ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂಗೆ ಡೀಪ್ ಬ್ಲೂ ಜೂನಿಯರ್ ಎಂಬ ಚಿಕ್ಕ ರೂಪವೂ ಇತ್ತು. ಐಬಿಎಂ ಅದನ್ನು ಬೇರೆ ಹೆಸರಿನಲ್ಲೇ ಆಡಿಸುತ್ತಿತ್ತು. "ನಮ್ಮ ಸೂಪರ್ ಕಂಪ್ಯೂಟರನ್ನು ಸೋಲಿಸಿ" ಅಂತ ಬ್ಯಾನರ್ ಕಟ್ಟಿ, ಒಳಗೆ ಸ್ಕಿಲ್ 3 ಇಡಬೇಡಿ.

ಆಟದ ಮಧ್ಯೆ ಯಾರೂ ಲೆವೆಲ್ ಮುಟ್ಟಕೂಡದು. ನಿಜವಾದ ಆಟಗಾರರು ಬಂದು ಪೂರ್ತಿ ಬಲ ಕೇಳಿದರೆ, ಇನ್ನೊಂದು ಟ್ಯಾಬ್‌ನಲ್ಲಿ ಸ್ಟಾಕ್‌ಫಿಶ್ ಸ್ಕಿಲ್ 20ರಲ್ಲಿ ಸಿದ್ಧವಿರಲಿ. ಸೋತರೂ ಅವರು ಖುಷಿಯಾಗಿಯೇ ಹೋಗುತ್ತಾರೆ.